ಹಳೇ ಗೇಮ್ ಕಾರ್ಟ್ರಿಡ್ಜ್‌ನ ಸೇವ್ ಹೋಗುವ ಮುನ್ನ: ಮೊದಲು ನಕಲು, ಆಮೇಲೆ ಬ್ಯಾಟರಿ

ಹಳೇ ಕಾರ್ಟ್ರಿಡ್ಜ್ (ಕನ್ಸೋಲ್ ಅನ್ನುವ ಗೇಮ್ ಯಂತ್ರಕ್ಕೆ ಹಾಕುವ ಗೇಮ್ ಡಬ್ಬಿ) ಬಿಚ್ಚಿ ಬ್ಯಾಟರಿ ಬದಲಾಯಿಸುವುದು ಹೇಗೆ ಎಂದು ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಒಳಗಿರುವ ಸೇವ್ ಬೇಕಾ, ಬೇಡವಾ?" ಸೇವ್ ಅಂದರೆ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಎಂದು ಉಳಿಸಿಟ್ಟ ದಾಖಲೆ. ಬೇಡ ಅಂದರೆ ಕೆಲಸ ಸುಲಭ, ಅರ್ಧ ಗಂಟೆಯದ್ದು. ಬೇಕು ಅಂದರೆ ಸ್ಕ್ರೂಡ್ರೈವರ್ ಕೆಳಗಿಡಿ. ಬ್ಯಾಟರಿ ತೆಗೆದ ಕ್ಷಣವೇ ಆ ಸೇವ್ ಹೋಗುತ್ತದೆ. ಹೊಸದನ್ನು ಎಷ್ಟು ಬೇಗ ಹಾಕಿದರೂ ಅದು ವಾಪಸ್ ಬರುವುದಿಲ್ಲ.

ಹವ್ಯಾಸಕ್ಕೆ ಈ ಕೆಲಸ ಮಾಡುತ್ತಾ ಬಂದಿದ್ದೇನೆ. ಮೊದಲು ನನ್ನದೇ ಕಾರ್ಟ್ರಿಡ್ಜ್‌ಗಳು, ಆಮೇಲೆ ಗೆಳೆಯರದ್ದು, ಈಗ ಗೆಳೆಯರ ಗೆಳೆಯರದ್ದು. ಬರುವವರಲ್ಲಿ ಹೆಚ್ಚಿನವರಿಗೆ ಗೇಮ್ ಆಡುವ ಆಸೆ ಅಷ್ಟಾಗಿ ಇರುವುದಿಲ್ಲ. ಗೇಮ್ ಬೇರೆ ಕಡೆಯೂ ಸಿಗುತ್ತದಲ್ಲ. ಅಣ್ಣ ತನ್ನ ಹೆಸರು ತಪ್ಪಾಗಿ ಬರೆದು ಶುರು ಮಾಡಿದ ಫೈಲ್, ಚಿಕ್ಕವರಿದ್ದಾಗ ರಜೆಯೆಲ್ಲಾ ಕೂತು ಹಿಡಿದ ಪೋಕೆಮಾನ್‌ಗಳು, ಇಂಥವು ಮಾತ್ರ ಬೇರೆಲ್ಲೂ ಸಿಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಬೆಸುಗೆಗಿಂತ ನಕಲಿನ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಸೇವ್ ಯಾಕೆ ಮರೆಯಾಗುತ್ತದೆ

ಗೇಮ್ ಇರುವುದು ಒಂದು ಚಿಪ್‌ನಲ್ಲಿ, ನಿಮ್ಮ ಸೇವ್ ಇರುವುದು ಇನ್ನೊಂದರಲ್ಲಿ. ಗೇಮ್‌ನ ಚಿಪ್ ರಾಮ್ (ROM), ಓದಲು ಮಾತ್ರ ಬರುವಂಥದ್ದು. ಅದಕ್ಕೆ ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ. ಸೇವ್ ಇರುವ ಚಿಪ್ ಎಸ್‌ರ‍್ಯಾಮ್ (SRAM), ಬರೆಯಲೂ ಬರುವಂಥದ್ದು. ಅದಕ್ಕೆ ಒಂದು ಕ್ಷಣವೂ ಬಿಡದೆ ಕರೆಂಟ್ ಸಿಗುತ್ತಿರಬೇಕು. ಕನ್ಸೋಲ್ ಆನ್ ಇದ್ದಾಗ ಕನ್ಸೋಲೇ ಕೊಡುತ್ತದೆ. ಆಫ್ ಆದ ಮೇಲೆ ಆ ಕೆಲಸ ಬೋರ್ಡಿನ ಮೇಲಿರುವ ಬಿಲ್ಲೆಯಂಥ ಲಿಥಿಯಂ ಸೆಲ್‌ನದ್ದು.

ಇಲ್ಲಿ ಒಂದು ತಪ್ಪು ನಂಬಿಕೆ ತುಂಬಾ ಜನರಲ್ಲಿದೆ. "ನಾನು ಆಡೇ ಇಲ್ಲ, ಸುಮ್ನೆ ಡಬ್ಬಿಯಲ್ಲಿಟ್ಟಿದ್ದೆ, ಬ್ಯಾಟರಿ ಹೇಗೆ ಮುಗಿಯುತ್ತೆ?" ಅನ್ನುತ್ತಾರೆ. ಡಬ್ಬಿಯಲ್ಲಿದ್ದಾಗಲೇ ಅದು ಮುಗಿಯುವುದು. ಆಡುವಾಗ ಅದಕ್ಕೆ ಬಿಡುವು. ಆಡಿದರೆ ಚಾರ್ಜ್ ಆಗುತ್ತದೆ ಅನ್ನುವುದೂ ಸುಳ್ಳು. ಇವು ಚಾರ್ಜ್ ಆಗುವ ಸೆಲ್‌ಗಳೇ ಅಲ್ಲ.

ಹಾಗಾದರೆ ಇಷ್ಟು ವರ್ಷ ಹೇಗೆ ಬಾಳಿದವು? ಲೆಕ್ಕ ನೋಡಿ. ಸಿಆರ್2032 ಎಂಬ ಅಳತೆಯ ಬಿಲ್ಲೆ ಸೆಲ್‌ನಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇರುತ್ತದೆ. ಚಿಪ್ ಒಂದು ಮೈಕ್ರೋಆಂಪ್ ಎಳೆಯುತ್ತದೆ ಎಂದುಕೊಂಡರೆ 2,20,000 ಗಂಟೆ, ಅಂದರೆ 25 ವರ್ಷ. ಕೆಲವು ಚಿಪ್ ಇದಕ್ಕಿಂತ ಕಡಿಮೆ ಎಳೆಯುತ್ತವೆ, ಕೆಲವು ಜಾಸ್ತಿ. ಸೆಲ್ ತನ್ನಷ್ಟಕ್ಕೆ ತಾನೂ ಸ್ವಲ್ಪ ಸ್ವಲ್ಪ ಸೋರುತ್ತದೆ, ಬಿಸಿ ಜಾಗದಲ್ಲಿಟ್ಟರೆ ಇನ್ನೂ ಬೇಗ. ಅಮೆರಿಕದಲ್ಲಿ 1987ರಲ್ಲಿ ಬಂದ ಜೆಲ್ಡಾ ಗೇಮ್‌ನ ಚಿನ್ನದ ಬಣ್ಣದ ಎನ್‌ಇಎಸ್ (ನಿಂಟೆಂಡೊದ ಹಳೇ ಕನ್ಸೋಲ್) ಕಾರ್ಟ್ರಿಡ್ಜ್‌ಗಳಲ್ಲಿ ಕೆಲವು ಇವತ್ತಿಗೂ ಸೇವ್ ಹಿಡಿದುಕೊಂಡಿವೆ. ಆದರೆ ಲೆಕ್ಕದ ಪ್ರಕಾರ ಅವೆಲ್ಲ ಈಗ ಅಂಚಿನಲ್ಲಿವೆ.

ಪೋಕೆಮಾನ್ ಗೋಲ್ಡ್, ಸಿಲ್ವರ್, ಕ್ರಿಸ್ಟಲ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವುಗಳಲ್ಲಿ ಗಡಿಯಾರವಿದೆ. ಗೇಮ್ ಆಫ್ ಇದ್ದರೂ ಹಗಲು ರಾತ್ರಿ ಲೆಕ್ಕ ಇಡುತ್ತಿರುತ್ತದೆ. ಆ ಗಡಿಯಾರಕ್ಕೂ, ಸೇವ್‌ಗೂ ಒಂದೇ ಸೆಲ್, ಅದೂ ಚಿಕ್ಕ ಸಿಆರ್2025. ಹಾಗಾಗಿ ಅದಕ್ಕಿಂತ ಹಳೆಯ ರೆಡ್, ಬ್ಲೂ ಇನ್ನೂ ಉಸಿರಾಡುತ್ತಿರುವಾಗಲೇ ಜಪಾನ್‌ನಲ್ಲಿ 1999, 2000ರಲ್ಲಿ ಬಂದ ಇವು ಕಣ್ಣು ಮುಚ್ಚಿವೆ. ನಿಮ್ಮ ಹತ್ತಿರ ಸೇವ್ ಉಳಿದಿರುವ ಗೋಲ್ಡ್ ಅಥವಾ ಸಿಲ್ವರ್ ಇದ್ದರೆ, ಎಲ್ಲಕ್ಕಿಂತ ಮೊದಲು ಅದರ ಕೆಲಸ ಮಾಡಿ.

ಯಾವುದಕ್ಕೆ ಭಯವಿಲ್ಲ

ಎಲ್ಲಾ ಕಾರ್ಟ್ರಿಡ್ಜ್‌ನಲ್ಲೂ ಬ್ಯಾಟರಿ ಇರುವುದಿಲ್ಲ. ಪಾಸ್‌ವರ್ಡ್ ಬರೆದುಕೊಂಡು ಆಡುವ ಗೇಮ್‌ಗಳಲ್ಲಿ ಹೋಗುವುದಕ್ಕೆ ಏನೂ ಇಲ್ಲ. ಸೂಪರ್ ಮಾರಿಯೋ 64 ಇಇಪ್ರಾಮ್‌ನಲ್ಲಿ ಬರೆಯುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಅದೇ ನಿಂಟೆಂಡೊ 64ರ ಒಕರಿನಾ ಆಫ್ ಟೈಮ್‌ನಲ್ಲಿ ಬ್ಯಾಟರಿ ಇದೆ, ಅದರ ಮುಂದಿನ ಮಜೋರಾಸ್ ಮಾಸ್ಕ್‌ನಲ್ಲಿ ಬ್ಯಾಟರಿ ಬೇಡದ ಫ್ಲ್ಯಾಶ್ ಚಿಪ್. ಹೀಗೆ ಕನ್ಸೋಲ್ ನೋಡಿ ಹೇಳಲು ಆಗುವುದಿಲ್ಲ, ಒಂದೊಂದು ಗೇಮ್ ನೋಡಬೇಕು.

ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ರೂಬಿ, ಸಫೈರ್, ಎಮರಾಲ್ಡ್ ವಿಷಯದಲ್ಲಿ ಜನ ಸುಮ್ಮನೆ ಹೆದರುತ್ತಾರೆ. ಆನ್ ಮಾಡಿದರೆ ಒಳಗಿನ ಬ್ಯಾಟರಿ ಮುಗಿದಿದೆ ಎಂದು ಪರದೆ ಮೇಲೆ ಬರುತ್ತದೆ. ಇವುಗಳ ಸೇವ್ ಇರುವುದು ಫ್ಲ್ಯಾಶ್‌ನಲ್ಲಿ. ಬ್ಯಾಟರಿ ಬರೀ ಗಡಿಯಾರಕ್ಕೆ. ಗೇಮ್‌ನೊಳಗೆ ಬೆರ್ರಿ ಬೆಳೆಯುವುದು, ಅಲೆ ಏರಿಳಿಯುವುದು ನಿಲ್ಲುತ್ತದೆ, ಅಷ್ಟೇ. ಇವಕ್ಕೆ ಬೇಕಾದಾಗ ನಿಧಾನವಾಗಿ ಸಿಆರ್1616 ಹಾಕಿಕೊಳ್ಳಬಹುದು.

ಎಲ್ಲರೂ ಮರೆಯುವ ಎರಡು ವಸ್ತುಗಳಿವೆ. ನಿಂಟೆಂಡೊ 64ರ ಕಂಟ್ರೋಲರ್ ಪ್ಯಾಕ್ (ಕಂಟ್ರೋಲರ್‌ಗೆ ಸಿಕ್ಕಿಸುವ, ಸೇವ್ ಇಡುವ ಡಬ್ಬಿ) ಒಳಗೂ ಎಸ್‌ರ‍್ಯಾಮ್ ಮತ್ತು ಸಿಆರ್2032 ಇದೆ. ಸೆಗಾ ಸ್ಯಾಟರ್ನ್‌ನಲ್ಲಿ ಸೆಲ್ ಇರುವುದು ಕನ್ಸೋಲ್‌ನಲ್ಲೇ, ಹಿಂದಿನ ಸಣ್ಣ ಬಾಗಿಲಿನ ಒಳಗೆ. ಸ್ಯಾಟರ್ನ್‌ನದ್ದು ಪುಣ್ಯದ ಕೆಲಸ: ಕನ್ಸೋಲ್ ಆನ್ ಇಟ್ಟುಕೊಂಡೇ ಸೆಲ್ ಬದಲಾಯಿಸಿ, ಸೇವ್ ಉಳಿಯುತ್ತದೆ. ಬೆಸುಗೆಯೂ ಬೇಡ.

ನಿಜವಾಗಿ ಬ್ಯಾಟರಿಯದ್ದೇ ತೊಂದರೆಯಾ?

ಸೇವ್ ಹೋಯಿತು ಅಂದ ತಕ್ಷಣ ಎಲ್ಲರೂ ಬ್ಯಾಟರಿ ಮೇಲೆ ಹಾಕುತ್ತಾರೆ. ಹಾಗೇ ಇರಬೇಕೆಂದಿಲ್ಲ. ಕೊಳೆ ಹಿಡಿದ ಪಿನ್‌ಗಳೂ ಸೇವ್ ಕೆಡಿಸುತ್ತವೆ. ಆನ್ ಇರುವಾಗಲೇ ಕಾರ್ಟ್ರಿಡ್ಜ್ ಕಿತ್ತರೂ ಕೆಡುತ್ತದೆ. ಎನ್‌ಇಎಸ್‌ನಲ್ಲಂತೂ ಆಫ್ ಮಾಡುವಾಗ ರಿಸೆಟ್ ಒತ್ತಿ ಹಿಡಿದಿರಬೇಕು ಎಂದು ಜೆಲ್ಡಾ ಆಟದಲ್ಲೇ ಹೇಳುತ್ತಿದ್ದರು. ಕರೆಂಟ್ ಇಳಿಯುವ ಆ ಕ್ಷಣದಲ್ಲಿ ಪ್ರೊಸೆಸರ್ ಏನಾದರೂ ಎಡವಟ್ಟು ಬರೆದುಬಿಡಬಾರದು ಅಂತ.

ಗುರುತಿಸುವುದು ಹೀಗೆ. ಸೇವ್ ಮಾಡಿ, ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಇರುತ್ತದೆ, ಮಾರನೇ ದಿನ ಇರುವುದಿಲ್ಲ ಅಂದರೆ ಬ್ಯಾಟರಿ. ಒಮ್ಮೆ ಹೋಯಿತು, ಆದರೆ ಆಮೇಲೆ ಮಾಡಿದ ಹೊಸ ಸೇವ್ ವಾರಗಟ್ಟಲೆ ಗಟ್ಟಿಯಾಗಿದೆ ಅಂದರೆ ಪಿನ್‌ಗಳನ್ನು ಒರೆಸಿ ನೋಡಿ. ಆದರೆ ಹಳೇ ಸೇವ್ ಒಳಗಿದ್ದರೆ ಈ ಪರೀಕ್ಷೆ ಬೇಡವೇ ಬೇಡ. "ಇದೆಯಾ ನೋಡೋಣ" ಎಂದು ಪದೇ ಪದೇ ಕನ್ಸೋಲ್‌ಗೆ ಹಾಕುವುದೂ ಬೇಡ. ಎಷ್ಟೋ ಗೇಮ್‌ಗಳು ಶುರುವಾದ ಕೂಡಲೇ ಸೇವ್‌ನ ಲೆಕ್ಕ ತಾಳೆ ನೋಡುತ್ತವೆ. ಪಿನ್ ಕೊಳೆಯಾಗಿ ತಪ್ಪು ಓದಿದರೆ, ಸೇವ್ ಕೆಟ್ಟಿದೆ ಎಂದುಕೊಂಡು ತಾವೇ ಅಳಿಸಿಬಿಡುತ್ತವೆ.

ಮೊದಲ ಕೆಲಸ ಒರೆಸುವುದು. 90 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕುವ ಹತ್ತಿ ಕಡ್ಡಿ. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಒರೆಸಿ, ಪೂರ್ತಿ ಒಣಗಲು ಬಿಡಿ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಪಿನ್ ಮೇಲಿನ ತೆಳು ಚಿನ್ನದ ಲೇಪ ಹೋಗುತ್ತದೆ. ಬಾಯಿಂದ ಊದುವುದು ಬೇಡ, ಉಸಿರಿನ ತೇವ ಪಿನ್‌ಗೆ ಒಳ್ಳೆಯದಲ್ಲ. ನಾವೆಲ್ಲ ಊದಿಯೇ ಬೆಳೆದವರು, ಗೊತ್ತು. ಆಗ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು.

ನಕಲು ತೆಗೆಯುವುದು

ಇದಕ್ಕೆ ಕಾರ್ಟ್ರಿಡ್ಜ್ ಬಿಚ್ಚುವ ಅಗತ್ಯವೇ ಇಲ್ಲ. ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರುವ ಕಾರ್ಟ್ರಿಡ್ಜ್ ರೀಡರ್ ಬೇಕು. ಗೇಮ್ ಬಾಯ್ ಮತ್ತು ಅಡ್ವಾನ್ಸ್‌ಗೆ ನಾನು ಬಳಸುವುದು ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯೂ, ಅದರ ಜೊತೆ ಫ್ಲ್ಯಾಶ್‌ಜಿಬಿಎಕ್ಸ್ ಎಂಬ ಉಚಿತ ತಂತ್ರಾಂಶ. ಸೂಪರ್ ನಿಂಟೆಂಡೊ ಮತ್ತು ಸೆಗಾ ಜೆನೆಸಿಸ್‌ಗೆ ರೆಟ್ರೋಡ್ ಇದೆ. ಅದು ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳುತ್ತದೆ, ಸೇವ್ ಫೈಲನ್ನು ಎಳೆದು ಹಾಕಿಕೊಂಡರಾಯಿತು. ಕೈಯಲ್ಲಿ ಕೆಲಸ ಮಾಡುವ ಹುಮ್ಮಸ್ಸು ಇರುವವರು ಆರ್ಡುಯಿನೋ ಮೆಗಾ ಆಧಾರದ ಓಪನ್ ಸೋರ್ಸ್ ಕಾರ್ಟ್ ರೀಡರ್ ಕಟ್ಟಿಕೊಳ್ಳಬಹುದು, ಅದು ಬೇರೆ ಬೇರೆ ಕನ್ಸೋಲ್‌ಗಳ ಕಾರ್ಟ್ರಿಡ್ಜ್ ಓದುತ್ತದೆ. ಕೊಳ್ಳುವ ಮೊದಲು ನೋಡಬೇಕಾದದ್ದು ಒಂದು: ಸೇವ್ ಓದುವುದಷ್ಟೇ ಅಲ್ಲ, ವಾಪಸ್ ಬರೆಯಲೂ ಬರಬೇಕು.

ಗೇಮ್ ಬಾಯ್ ಉದಾಹರಣೆ ತೆಗೆದುಕೊಂಡು ಹೇಳುತ್ತೇನೆ, ಉಳಿದವೂ ಹೆಚ್ಚುಕಡಿಮೆ ಹೀಗೇ. ಕಾರ್ಟ್ರಿಡ್ಜ್ ಹಾಕಿ, ತಂತ್ರಾಂಶ ಅದರ ಹೆಸರು ಸರಿಯಾಗಿ ಓದಿತಾ ನೋಡಿ. ಹೆಸರಿನ ಜಾಗದಲ್ಲಿ ಕಲಸುಮೇಲೋಗರ ಅಕ್ಷರ ಬಂದರೆ, ಚೆಕ್‌ಸಮ್ (ಓದಿದ್ದು ಸರಿಯಾ ಎಂದು ತಾಳೆ ನೋಡುವ ಸಂಖ್ಯೆ) ತಪ್ಪು ಎಂದು ತೋರಿಸಿದರೆ, ಅಲ್ಲಿಗೇ ನಿಲ್ಲಿಸಿ. ತೆಗೆದು ಮತ್ತೆ ಒರೆಸಿ. ಸರಿಯಾಗಿ ಓದಿದ ಮೇಲೆ ಮಾತ್ರ ಸೇವ್ ನಕಲು ಮಾಡುವ ಬಟನ್ ಒತ್ತಿ. ಅದರ ಪಕ್ಕದಲ್ಲೇ ಬರೆಯುವ ಬಟನ್, ಅಳಿಸುವ ಆಯ್ಕೆ ಇರುತ್ತವೆ. ಟೀ ಕುಡಿಯುತ್ತಾ, ಮಾತಾಡುತ್ತಾ ಮಾಡುವ ಕೆಲಸವಲ್ಲ ಇದು. ಏನು ಒತ್ತುತ್ತಿದ್ದೀರಿ ಎಂದು ಪೂರ್ತಿ ಓದಿ.

ಒಂದೇ ನಕಲು ಸಾಲದು. ಕಾರ್ಟ್ರಿಡ್ಜ್ ತೆಗೆದು, ಮತ್ತೆ ಹಾಕಿ, ಇನ್ನೊಂದು ತೆಗೆಯಿರಿ. ಎರಡನ್ನೂ ಹೋಲಿಸಿ. ಅಕ್ಷರಶಃ ಒಂದೇ ಇದ್ದರೆ ಓದಿದ್ದು ಸರಿ. ಬೇರೆ ಬೇರೆ ಇದ್ದರೆ ಪಿನ್ ಇನ್ನೂ ಸರಿಯಿಲ್ಲ. ಗೋಲ್ಡ್, ಸಿಲ್ವರ್‌ಗಳಲ್ಲಿ ಗಡಿಯಾರದ ಮಾಹಿತಿಯನ್ನೂ ಸೇರಿಸಿ ನಕಲು ತೆಗೆದಿದ್ದರೆ ಫೈಲ್‌ನ ಕೊನೆಯ ಕೆಲವು ಬೈಟ್‌ಗಳು ಬದಲಾಗಿರುತ್ತವೆ. ಸಮಯ ಓಡುತ್ತಿದೆಯಲ್ಲ, ಅದಕ್ಕೆ ಗಾಬರಿ ಬೇಡ.

ಫೈಲ್ ಗಾತ್ರವನ್ನೂ ನೋಡಿಕೊಳ್ಳಿ. ಪೋಕೆಮಾನ್ ರೆಡ್, ಗೋಲ್ಡ್‌ಗಳದ್ದು 32 ಕಿಲೋಬೈಟ್, ಸೂಪರ್ ನಿಂಟೆಂಡೊ ಗೇಮ್‌ಗಳಲ್ಲಿ ಎಷ್ಟೋ 8 ಕಿಲೋಬೈಟ್. ಹೌದು, ಬಾಲ್ಯದ ರಜೆಗಳೆಲ್ಲಾ ಸೇರಿ ಇಷ್ಟೇ. ಫೈಲ್ ಉದ್ದಕ್ಕೂ ಒಂದೇ ಬೈಟ್ ತುಂಬಿದ್ದರೆ, ಒಂದೋ ಓದಿದ್ದು ಸರಿಯಿಲ್ಲ, ಇಲ್ಲವೇ ಸೇವ್ ಮೊದಲೇ ಹೋಗಿದೆ.

ಕೊನೆಯ ಪರೀಕ್ಷೆ, ಅದೇ ರೀಡರ್‌ನಿಂದ ನಿಮ್ಮದೇ ಕಾರ್ಟ್ರಿಡ್ಜ್‌ನ ಗೇಮ್ ನಕಲು ತೆಗೆದು, ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲೇ ಹಳೇ ಕನ್ಸೋಲ್ ಗೇಮ್ ಓಡಿಸುವ ತಂತ್ರಾಂಶ) ಈ ಸೇವ್ ಜೊತೆ ತೆರೆಯುವುದು. ಎರಡೂ ಫೈಲ್‌ಗೆ ಒಂದೇ ಹೆಸರು ಕೊಟ್ಟು ಒಂದೇ ಫೋಲ್ಡರ್‌ನಲ್ಲಿಟ್ಟರೆ ಸಾಮಾನ್ಯವಾಗಿ ತಾನೇ ಹಿಡಿದುಕೊಳ್ಳುತ್ತದೆ. ಹಳೇ ಹೆಸರು, ಹಳೇ ಆಟದ ಗಂಟೆ ಪರದೆ ಮೇಲೆ ಬಂದರೆ ಗೆದ್ದಿರಿ. ಮೂಲ ಫೈಲನ್ನು ಇದಕ್ಕೆ ಬಳಸಬೇಡಿ, ಅದರ ಪ್ರತಿ ಬಳಸಿ. ಎಮ್ಯುಲೇಟರ್ ಅದರ ಮೇಲೇ ಬರೆಯುತ್ತದೆ. ಮೂಲವನ್ನು ಗೇಮ್ ಹೆಸರು, ತಾರೀಖು ಹಾಕಿ ಬೇರೆ ಬೇರೆ ಕಡೆ ಇಟ್ಟುಕೊಳ್ಳಿ.

ರೀಡರ್ ಇಲ್ಲ, ತರಿಸಿಕೊಳ್ಳುವ ಹಾಗೂ ಇಲ್ಲ ಅಂದರೆ? ಪೋಕೆಮಾನ್ ಆದರೆ ಎರಡು ಗೇಮ್ ಬಾಯ್ ನಡುವೆ ಲಿಂಕ್ ಕೇಬಲ್ ಹಾಕಿ, ಹಿಡಿದ ಪೋಕೆಮಾನ್‌ಗಳನ್ನು ಇನ್ನೊಂದು ಕಾರ್ಟ್ರಿಡ್ಜ್‌ಗೆ ಟ್ರೇಡ್ ಮಾಡಿಡಬಹುದು. ತುಂಬಾ ಹೊತ್ತಿನ ಕೆಲಸ, ಆದರೆ ಆಗುತ್ತದೆ. ಇನ್ನು ಕೆಲವರು ಹೊರಗಿನಿಂದ 3 ವೋಲ್ಟ್ ಕೊಟ್ಟುಕೊಂಡು, ಸೇವ್ ಹೋಗದಂತೆ ಸೆಲ್ ಬದಲಾಯಿಸುತ್ತಾರೆ. ಎರಡು ಪೆನ್ಸಿಲ್ ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಹಳೇ ಸೆಲ್‌ನ ಎರಡು ತುದಿಗೆ ಸರಿಯಾದ ದಿಕ್ಕಿನಲ್ಲಿ ಕಟ್ಟಿ ಮಾಡುವ ಸಾಹಸ. ಸಾಧ್ಯ, ಇಲ್ಲ ಅನ್ನಲ್ಲ. ಆದರೆ ಒಂದು ತಂತಿ ಜಾರಿದರೆ ಮುಗೀತು. ಬೇರೆಯವರ ಕಾರ್ಟ್ರಿಡ್ಜ್‌ನಲ್ಲಿ ನಾನು ಇದನ್ನು ಮಾಡುವುದಿಲ್ಲ.

ಬಿಚ್ಚಿ ಅಳೆಯುವುದು

ನಕಲು ಕೈಯಲ್ಲಿದೆ ಅಂದರೆ ಈಗ ಸ್ಕ್ರೂಡ್ರೈವರ್. ಎನ್‌ಇಎಸ್‌ನ ನಂತರದ ಕಾರ್ಟ್ರಿಡ್ಜ್‌ಗಳು, ಸೂಪರ್ ನಿಂಟೆಂಡೊ, ನಿಂಟೆಂಡೊ 64, ಗೇಮ್ ಬಾಯ್, ಎಲ್ಲಕ್ಕೂ 3.8 ಮಿಲಿಮೀಟರ್‌ನ ಗೇಮ್‌ಬಿಟ್ ಎಂಬ ವಿಶೇಷ ಬಿಟ್ ಬೇಕು. ಗೇಮ್ ಬಾಯ್ ಅಡ್ವಾನ್ಸ್‌ಗೆ ಮೂರು ಎಸಳಿನ ಟ್ರೈವಿಂಗ್. ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಬಿಟ್ ಮಾಡಿಕೊಳ್ಳುವ ಉಪಾಯ ಕೆಲವರು ಹೇಳುತ್ತಾರೆ. ಸ್ಕ್ರೂ ತಲೆ ಸವೆಸಿಕೊಳ್ಳುವ ಆಸೆ ಇದ್ದರೆ ಮಾಡಿ.

ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಸೆಲ್‌ನ ಎರಡು ಪಟ್ಟಿಗಳನ್ನು ಮುಟ್ಟಿಸಿ. ಹೊಸ ಸೆಲ್ 3.2 ವೋಲ್ಟ್ ಆಸುಪಾಸು ತೋರಿಸುತ್ತದೆ. 2.7ಕ್ಕೆ ಇಳಿದಿದ್ದರೆ ಬದಲಾಯಿಸುವ ಸಮಯ. 2.5ರ ಕೆಳಗೆ ಇದ್ದರೆ ಅದು ಇವತ್ತೋ ನಾಳೆಯೋ. ಎಸ್‌ರ‍್ಯಾಮ್ ಸುಮಾರು 2 ವೋಲ್ಟ್ ತನಕ ಹಿಡಿದುಕೊಳ್ಳುತ್ತದೆ, ಆದರೆ ನಡುವಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸ್ವಲ್ಪ ವೋಲ್ಟ್ ತಿನ್ನುತ್ತದಲ್ಲ. 3.0 ತೋರಿಸಿತು ಎಂದು ಬೀಗಬೇಡಿ. ಲಿಥಿಯಂ ಸೆಲ್‌ನ ಗುಣವೇ ಹಾಗೆ, ಆಯಸ್ಸಿನ ಬಹುಭಾಗ 3 ವೋಲ್ಟ್ ಆಸುಪಾಸಲ್ಲೇ ಇದ್ದು, ಕೊನೆಗೆ ಒಮ್ಮೆಲೇ ಜಾರುತ್ತದೆ. ಆದರೂ 3.0 ಇರುವ, ಸೇವ್ ನಕಲಾಗಿರುವ ಕಾರ್ಟ್ರಿಡ್ಜನ್ನು ನಾನು ಮುಟ್ಟುವುದಿಲ್ಲ. ಸರಿ ಇರುವುದನ್ನು ಬಿಸಿ ಮಾಡುವುದು ಯಾಕೆ?

ಒಳಗೆ ಬಿಚ್ಚಿ ನೋಡಿದಾಗ ಬೋರ್ಡ್ ಮೇಲೆ ನಿಂಟೆಂಡೊ ಹೆಸರಿಲ್ಲ, ಚಿಪ್ ಜಾಗದಲ್ಲಿ ಕಪ್ಪು ಗೋಂದಿನ ಗುಡ್ಡೆ ಇದೆ ಅಂದರೆ ಅದು ನಕಲಿ ಕಾರ್ಟ್ರಿಡ್ಜ್ ಇರುವ ಸಾಧ್ಯತೆಯೇ ಹೆಚ್ಚು. ಪೋಕೆಮಾನ್‌ನಲ್ಲಿ ಇಂಥವು ತುಂಬಾ. ಅಸಲಿಯ ಬಗ್ಗೆ ಇಲ್ಲಿ ಹೇಳಿದ ಯಾವುದೂ ಅದಕ್ಕೆ ಅನ್ವಯಿಸದೇ ಇರಬಹುದು.

ಸೆಲ್ ಬದಲಾಯಿಸುವುದು

ಯಾವ ಅಳತೆ ಎಂದು ಹಳೇ ಸೆಲ್ ಮೇಲೇ ಬರೆದಿರುತ್ತದೆ. ಸಿಆರ್2032 ಅಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ. ಸಿಆರ್2025 ಅಷ್ಟೇ ಅಗಲ, 2.5 ದಪ್ಪ. ಸಿಆರ್1616, 16 ಅಗಲ, 1.6 ದಪ್ಪ. ಗೇಮ್ ಬಾಯ್‌ನಲ್ಲಿ 2025ರ ಜಾಗಕ್ಕೆ 2032 ತುರುಕುವವರಿದ್ದಾರೆ, ಜಾಸ್ತಿ ದಿನ ಬರುತ್ತದೆ ಎಂದು. ಕವಚದ ಮೇಲೆ ಒತ್ತಡ ಬೀಳುತ್ತದೆ ಎಂದು ನಾನು ಹಾಕುವುದಿಲ್ಲ.

ಟ್ಯಾಬ್ ಇರುವ ಸೆಲ್‌ನ್ನೇ ಕೊಳ್ಳಿ. ಅಂದರೆ ಎರಡೂ ಕಡೆ ಲೋಹದ ಪಟ್ಟಿಯನ್ನು ಕಾರ್ಖಾನೆಯಲ್ಲೇ ಸ್ಪಾಟ್ ವೆಲ್ಡ್ ಮಾಡಿರುವುದು. ಬರೀ ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ. ಬಿಸಿಗೆ ಲಿಥಿಯಂ ಸೆಲ್ ಕೆಡುತ್ತದೆ, ಸೋರುತ್ತದೆ, ಸಿಡಿಯಲೂಬಹುದು. ಹಳೇ ಪಟ್ಟಿಗೆ ಹೊಸ ಸೆಲ್ ಇಟ್ಟು ಟೇಪ್ ಸುತ್ತುವ ಪದ್ಧತಿಯೂ ಇದೆ. ಕಾರ್ಟ್ರಿಡ್ಜ್ ಕೈ ಜಾರಿ ಬಿದ್ದ ದಿನ ಆ ಸೇವ್ ಹೋಯಿತು ಎಂದುಕೊಳ್ಳಿ. ಚಾರ್ಜ್ ಆಗುವ ಎಲ್‌ಐಆರ್2032 ನೋಡಲು ಹಾಗೇ ಇರುತ್ತದೆ. ಅದು ಬೇಡ, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ.

ತೆಗೆಯುವ ಮುಂಚೆ ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಬೋರ್ಡ್ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತದೆ, ಆದರೂ ಫೋಟೋ ಇರಲಿ. ಸೋಲ್ಡರಿಂಗ್ ಐರನ್ 350 ಡಿಗ್ರಿ ಸೆಲ್ಸಿಯಸ್‌ಗೆ ಇಡಿ. ಹಳೇ ಬೆಸುಗೆ ಸುಲಭಕ್ಕೆ ಕರಗುವುದಿಲ್ಲ. ಅದಕ್ಕೆ ಸ್ವಲ್ಪ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಪದಾರ್ಥ), ಸ್ವಲ್ಪ ಹೊಸ ಬೆಸುಗೆ ಸೇರಿಸಿ. ಆಗ ಎರಡೂ ಬೆರೆತು ಬೇಗ ಕರಗುತ್ತವೆ. ಒಂದು ಪಟ್ಟಿ ಕರಗಿದಾಗ ಚಿಮಟದಿಂದ ಮೆಲ್ಲಗೆ ಎತ್ತಿ, ಆಮೇಲೆ ಇನ್ನೊಂದು. ಬೆಸುಗೆ ಗಟ್ಟಿಯಿರುವಾಗ ಮೀಟಿದರೆ ಪಟ್ಟಿಯ ಜೊತೆ ಬೋರ್ಡಿನ ತಾಮ್ರವೂ ಎದ್ದು ಬರುತ್ತದೆ. ಈ ಇಡೀ ಕೆಲಸದಲ್ಲಿ ನಿಜವಾಗಿ ಹೆದರಬೇಕಾದ್ದು ಇದಕ್ಕೆ ಮಾತ್ರ.

ಹೊಸ ಸೆಲ್‌ನ ಪಟ್ಟಿಗಳು ತೂತಿಗೆ ಸರಿಯಾಗಿ ಕೂರದಿದ್ದರೆ ಪಟ್ಟಿಯನ್ನು ಬಗ್ಗಿಸಿ, ಸೆಲ್‌ನ ಬುಡದಲ್ಲಿ ತಿರುಚಬೇಡಿ. ಮೈನಸ್ ಪಟ್ಟಿ ಸೆಲ್‌ನ ಪ್ಲಸ್ ಅಂಚಿಗೆ ತಾಗುತ್ತಿಲ್ಲ ತಾನೇ, ನೋಡಿಕೊಳ್ಳಿ. ಬೆಸುಗೆ ಹಾಕಿದ ಮೇಲೆ ಮೊದಲು ಸೆಲ್ ಮೇಲೆ ಅಳೆಯಿರಿ. ಆಮೇಲೆ ಎಸ್‌ರ‍್ಯಾಮ್ ಚಿಪ್ ಮೇಲೂ ಅಳೆಯಿರಿ. 28 ಕಾಲಿನ ಮಾಮೂಲಿ ಚಿಪ್ ಆದರೆ 28ನೇ ಕಾಲು ಪ್ಲಸ್, 14ನೆಯದು ಗ್ರೌಂಡ್. ಅಲ್ಲಿ ಸೆಲ್‌ಗಿಂತ ಸ್ವಲ್ಪ ಕಡಿಮೆ ವೋಲ್ಟ್ ಬಂದರೆ ಎಲ್ಲಾ ಸರಿ. ಸೆಲ್ ಮೇಲೆ 3.2 ಇದ್ದು ಚಿಪ್ ಮೇಲೆ ಏನೂ ಇಲ್ಲದಿದ್ದರೆ ನಡುವೆ ಎಲ್ಲೋ ದಾರಿ ಕಡಿದಿದೆ. ಈ ಎರಡನೇ ಅಳತೆಯನ್ನು ಯಾರೂ ಮಾಡುವುದಿಲ್ಲ, ಮಾಡಿದರೆ ಎರಡು ಸಲ ಬಿಚ್ಚುವುದು ತಪ್ಪುತ್ತದೆ.

ಎಸ್‌ರ‍್ಯಾಮ್ ತೆಗೆದು ಅದರ ಜಾಗಕ್ಕೆ ಕರೆಂಟ್ ಇಲ್ಲದೆಯೂ ಸೇವ್ ಹಿಡಿದಿಡುವ ಎಫ್‌ರ‍್ಯಾಮ್ ಚಿಪ್ ಹಾಕಿದರೆ ಬ್ಯಾಟರಿಯೇ ಬೇಡ ಎಂದು ಕೆಲವರು ಮಾಡುತ್ತಾರೆ. ಸೆಗಾ ತಾನೇ ಸೋನಿಕ್ 3ರಲ್ಲಿ ಎಫ್‌ರ‍್ಯಾಮ್ ಬಳಸಿತ್ತು. ಆದರೆ 28 ಕಾಲು ಬಿಚ್ಚಬೇಕು, ಎಲ್ಲಾ ಬೋರ್ಡ್‌ಗೂ ಎಲ್ಲಾ ಚಿಪ್ ಹೊಂದುವುದಿಲ್ಲ, ಗಡಿಯಾರ ಇರುವ ಗೇಮ್‌ಗೆ ಹೇಗಿದ್ದರೂ ಸೆಲ್ ಬೇಕು. ಮೊದಲ ಸಲ ಬೆಸುಗೆ ಹಿಡಿದವರಿಗೆ ಇದು ಬೇಡ.

ವಾಪಸ್ ಹಾಕುವುದು

ಕಾರ್ಟ್ರಿಡ್ಜನ್ನು ಮತ್ತೆ ರೀಡರ್‌ಗೆ ಹಾಕಿ, ಕಾದಿಟ್ಟ ಫೈಲನ್ನು ಬರೆಯಿರಿ. ಬರೆದಾದ ಮೇಲೆ ಮತ್ತೊಮ್ಮೆ ನಕಲು ತೆಗೆದು ಮೂಲದ ಜೊತೆ ಹೋಲಿಸಿ. ನಂತರ ಕನ್ಸೋಲ್‌ನಲ್ಲಿ ಹಾಕಿ ನೋಡಿ, ಆಫ್ ಮಾಡಿ, ಒಂದು ರಾತ್ರಿ ಹೊರಗೆ ತೆಗೆದಿಡಿ. ಬೆಳಿಗ್ಗೆ ಸೇವ್ ಇದ್ದರೆ ಮಾತ್ರ ಸ್ಕ್ರೂ ಪೂರ್ತಿ ಬಿಗಿ ಮಾಡಿ. ಗೋಲ್ಡ್, ಸಿಲ್ವರ್‌ನಲ್ಲಿ ಗಡಿಯಾರ ನಿಂತಿರುತ್ತದೆ, ಅದನ್ನು ಬೇರೆಯಾಗಿ ಸರಿ ಮಾಡಿಕೊಳ್ಳಬೇಕು. ಗಡಿಯಾರ ಬರೆಯಲು ಬರುವ ರೀಡರ್ ಇದ್ದರೆ ಸೇವ್ ಜೊತೆಗೇ ಬರೆದುಬಿಡಿ, ಸುಲಭ.

ಮುಚ್ಚುವ ಮೊದಲು ಕವಚದ ಒಳಗೆ ಮಾರ್ಕರ್‌ನಲ್ಲಿ ತಿಂಗಳು, ವರ್ಷ, ಸೆಲ್‌ನ ಅಳತೆ ಬರೆದಿಡಿ. ಮುಂದೆ ಬಿಚ್ಚುವವರು ನೀವೇ ಆಗಿರಬೇಕೆಂದಿಲ್ಲ. ಹೊರಗಿನ ಲೇಬಲ್ ಮೇಲೆ ಬರೆಯಬೇಡಿ, ಹಳೇ ಲೇಬಲ್‌ಗೆ ಅದರದ್ದೇ ಬೆಲೆ ಇದೆ. ಕಾರ್ಟ್ರಿಡ್ಜನ್ನು ತಂಪಾದ, ಒಣ ಜಾಗದಲ್ಲಿಡಿ. ಅಟ್ಟ, ಕಾರಿನ ಡಿಕ್ಕಿ ಬೇಡ.

ತೆಗೆದ ಹಳೇ ಸೆಲ್ ಸತ್ತಿದೆ ಎಂದು ಮೇಜಿನ ಮೇಲೆ ಬಿಡಬೇಡಿ. ಅದರಲ್ಲಿ ಇನ್ನೂ ಸ್ವಲ್ಪ ಕರೆಂಟ್ ಇರುತ್ತದೆ. ಚಿಕ್ಕ ಮಕ್ಕಳು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಹಾಗೇನಾದರೂ ಆಯಿತು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಸೆಲ್‌ನ ಎರಡೂ ಮುಖಕ್ಕೆ ಟೇಪ್ ಅಂಟಿಸಿ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಹಾಕಿಡಿ. ತುಂಬಿದಾಗ ಮಾಮೂಲಿ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.